ಜಗ್ಗಮ್ಮನ ಪರೀಕ್ಷೆ

ಆ ಶಾಲೆಯ ಟೀಚರುಗಳು ಆಯಮ್ಮನಿಗೆ ಇಟ್ಟಿದ್ದ ಹೆಸರು ಜಗ್ಗಮ್ಮ. ಕೈಗೆ ಸಿಕ್ಕಿದ್ದನ್ನೆಲ್ಲ ಜಗ್ಗಿ ನೋಡದೆ ಬಿಡುವವಳಲ್ಲ, ಅದಕ್ಕೆ. ಬೆನ್ನ ಹಿಂದೆ ನಗುತ್ತಾರೆಂಬುದು ಅವಳಿಗೂ ಗೊತ್ತಿತ್ತು. ನಗಲಿ ಬಿಡಿ, ಅವರು ನಕ್ಕರೆ ಅವಳ ಗಂಟೇನು ಹೋಗುವುದಿತ್ತು?

ಅದು ಎಲ್ಲ ಮಕ್ಕಳ ಶಾಲೆಯಲ್ಲ. ಸಣ್ಣ ಸದ್ದಿಗೂ ಕಿವಿ ಮುಚ್ಚಿ ಕಿರುಚುವ, ಅಂಗಿಯ ಕಾಲರನ್ನು ಚಿಂದಿಯಾಗುವವರೆಗೆ ಜಗಿಯುವ ಮಕ್ಕಳ ಶಾಲೆ. ಏನಾದರೂ ಜಗಿಯದಿದ್ದರೆ ಆ ಮಕ್ಕಳಲ್ಲಿ ಕೆಲವರಿಗೆ ಜೀವಕ್ಕೆ ಸಮಾಧಾನವೇ ಇಲ್ಲ. ಹಾಗೆಂದು ಪೆನ್ಸಿಲ್ಲನ್ನೋ ಗುಂಡಿಯನ್ನೋ ಬಾಯಿಗೆ ಕೊಟ್ಟು ಕೂರಿಸಲಾಗುತ್ತದೆಯೇ? ಅದಕ್ಕೆಂದೇ ಮಾಡಿದ, ರಬ್ಬರಿನಂತೆ ಬಾಗುವ ಕೊಳವೆ, ಬಳೆ, ಕೊರಳಿಗೆ ಹಾಕುವ ಬಿಲ್ಲೆಗಳಿವೆ. ಶಾಲೆಯಲ್ಲಿ ಎಲ್ಲರೂ ಅವನ್ನು ‘ಜಗಿಯೋದು’ ಎಂದೇ ಕರೆಯುತ್ತಾರೆ.

ಬೆಳಗಿನ ಗಂಟೆ ಹೊಡೆಯುವ ಮುಂಚೆ ಆಯಮ್ಮ ಅವನ್ನೆಲ್ಲ ಕುದಿಯುವ ನೀರಿನಿಂದ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಹರಡುತ್ತಿದ್ದಳು. ಕನ್ನಡಕ ಏರಿಸಿ ಒಂದೊಂದನ್ನೂ ಎರಡೂ ತುದಿ ಹಿಡಿದು ಜಗ್ಗುವಳು, ಬಗ್ಗಿಸುವಳು, ಬೆಳಕಿಗೆ ಹಿಡಿದು ಹಲ್ಲಿನ ಗುರುತು ಹುಡುಕುವಳು. ಒಂದು ಸೀಳು ಕಂಡರೆ ಮುಗಿಯಿತು. ಕತ್ತರಿಯಿಂದ ತುಂಡು ತುಂಡು ಮಾಡಿ ಬುಟ್ಟಿಗೆ. ಇಡಿಯಾಗಿ ಎಸೆದರೆ ಯಾರಾದರೂ ಕನಿಕರದಿಂದ ಎತ್ತಿಡುತ್ತಾರೆಂಬ ಅನುಮಾನ ಅವಳಿಗೆ. ಹೊಸ ಟೀಚರೊಬ್ಬಳು, ಅದು ನಿನ್ನೆ ತಾನೇ ತಂದದ್ದಲ್ಲವೇ ಎಂದು ಕೊಸರಿದ್ದಳು.

“ತಂದಿದ್ದು ನಿನ್ನೆ. ಚೂರು ಗಂಟಲಿಗೆ ಸಿಕ್ಕಿಕೊಂಡ ಮೇಲೆ ಕ್ಯಾಲೆಂಡರ್ ನೋಡ್ತಾ ಕೂತ್ಕೋತೀರಾ?” ಎಂದಿದ್ದಳು ಆಯಮ್ಮ. ಆ ಟೀಚರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಯಾವ ಮಗುವಿಗೆ ಯಾವುದು ಎಂಬ ಪ್ರಶ್ನೆ ಬಂದರೆ ಥೆರಪಿಸ್ಟ್ ಮೇಡಂ ಕೂಡ ಅವಳನ್ನೇ ಕೂಗುತ್ತಿದ್ದರು. ಅವಳು ಮೊದಲು ಕೇಳುವುದು ಮಗು ಜಗಿದ ಅಂಗಿಯನ್ನು. ಕಾಲರು ಬರೀ ಒದ್ದೆಯಾಗಿ ಸುಕ್ಕಾಗಿದ್ದರೆ ಮಗು ಚೀಪುತ್ತದೆ ಅಷ್ಟೇ, ಮೆತ್ತನೆಯದು ಸಾಕು. ತೂತು ಬಿದ್ದಿದ್ದರೆ ದವಡೆ ಹಲ್ಲಿನ ಕೆಲಸ, ಉದ್ದನೆಯ ಗಟ್ಟಿ ಕೊಳವೆಯೇ ಬೇಕು. ಮಣಿ ಪೋಣಿಸಿದ್ದು ಬೇಡ, ಅಂಟು ಹಾಕಿ ಜೋಡಿಸಿದ್ದು ಬೇಡ, ಘಮಘಮ ಎನ್ನುವುದು ಬೇಡವೇ ಬೇಡ. ಕೊರಳಿನ ದಾರ ಜಗ್ಗಿದರೆ ತಾನಾಗಿ ಬಿಚ್ಚಿಕೊಳ್ಳಬೇಕು. ಇಷ್ಟನ್ನೂ ಅಪ್ಪ ಅಮ್ಮಂದಿರ ಬಾಯಲ್ಲಿ ಎರಡು ಸಲ ಹೇಳಿಸಿಯೇ ಕಳಿಸುತ್ತಿದ್ದಳು.

ಆ ಮಂಗಳವಾರ ಒಬ್ಬ ಎಳೆಯ ತಾಯಿ ಬಂದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು, ಮಗಳ ಬಾಯಲ್ಲಿ ಅವಳದೇ ಜಡೆಯ ತುದಿ. ತಾಯಿ ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು.

“ಆಯಮ್ಮ, ನೀವು ದೊಡ್ಡೋರು, ಕೇಳ್ತೀನಿ. ಏನಾದ್ರೂ ಕಹಿ ಹಚ್ಚಿದ್ರೆ ತಾನಾಗೇ ಬಿಡುತ್ತೆ ಅಂತಾರೆ ನಮ್ಮತ್ತೆ. ಹೌದಾ?”

“ಬಿಡುತ್ತೆ. ಒಂಬತ್ತೇ ದಿನ ಸಾಕು,” ಎಂದಳು ಆಯಮ್ಮ. “ಕೂತ್ಕೋ. ಆಮೇಲೆ ಏನಾಗುತ್ತೆ ಅನ್ನೋದನ್ನೂ ಕೇಳಿಸ್ಕೊಂಡು ಹೋಗು.”

ಹನ್ನೊಂದು ವರ್ಷದಿಂದ ಅಲ್ಲಿ ಯಾರಿಗೂ ಬಾಯಿ ಬಿಟ್ಟು ಹೇಳದಿದ್ದುದನ್ನು ಅವಳು ಗುರುತು ಪರಿಚಯವಿಲ್ಲದ ಆ ಹುಡುಗಿಯ ಮುಂದೆ ಹೇಳಿದಳು.

ಅವಳ ಮಗ ಐದು ವರ್ಷದವನಿದ್ದಾಗ ಕಾಲರು, ತೋಳು, ಹೊದಿಕೆಯ ಅಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಅಂಗಿಯ ಗುಂಡಿ ಕಿತ್ತು ನುಂಗಿದ. ಗಂಡ ಎನ್ನಿಸಿಕೊಂಡವನು ಆಗಲೇ ಬೇರೆ ಊರು ಹಿಡಿದಿದ್ದ. ಹೆದರುವುದಕ್ಕೂ ಬೈಯುವುದಕ್ಕೂ ಅವಳೊಬ್ಬಳೇ. ಉಗುರು ಕಚ್ಚುವವರಿಗೆಂದು ಮಾರುವ ಕಹಿ ಔಷಧಿಯನ್ನು ತಂದು ಮಗನ ಬಟ್ಟೆಗೆಲ್ಲ ಬಳಿದಳು. ಅಂಗಿಗೆ ಆಯಿತು, ಪೆನ್ಸಿಲ್ಲಿಗಾಯಿತು, ಕೊನೆಗೆ ದಿಂಬಿಗೂ ಆಯಿತು. ಹುಡುಗ ಬಾಯಿ ಉಜ್ಜಿಕೊಂಡು ಉಜ್ಜಿಕೊಂಡು ಅಳುತ್ತಿದ್ದ. ಅಳಲಿ, ಬುದ್ಧಿ ಬರಲಿ ಎಂದುಕೊಂಡಳು. ಒಂಬತ್ತನೆಯ ದಿನ ಕಚ್ಚುವುದು ನಿಂತಿತು. ಅಕ್ಕಪಕ್ಕದವರ ಮುಂದೆ ಎಷ್ಟು ಬೀಗಿದ್ದಳೋ. ಅದೇ ಸಂಜೆ ಹಾಲಿನಲ್ಲಿ ಬ್ರೆಡ್ಡು ಅದ್ದಿ ಕೈತುತ್ತು ಕೊಟ್ಟಳು. ಬೆರಳಿನಲ್ಲಿ ಔಷಧಿ ಉಳಿದಿತ್ತು. ನೀರಲ್ಲಿ ಒಮ್ಮೆ ತೊಳೆದರೆ ಹೋಗುವ ಕಹಿಯಲ್ಲ ಅದು.

ಅವತ್ತಿನಿಂದ ಅವನು ಅವಳ ಕೈಯಿಂದ ಏನನ್ನೂ ತಿಂದಿಲ್ಲ. ಈಗ ಅವನಿಗೆ ಮೂವತ್ತೊಂದು. ಔಷಧಿಯ ರಟ್ಟಿನ ಡಬ್ಬಿ ಮಡಿಸುವ ಕಾರ್ಖಾನೆಯಲ್ಲಿ ಅವನಷ್ಟು ಚುರುಕಿನ ಕೈ ಇನ್ನೊಂದಿಲ್ಲ. ಮನೆಯಲ್ಲಿ ಮಾತ್ರ ತಾನೇ ಸುಲಿದ ಬಾಳೆಹಣ್ಣು, ತಾನೇ ಸುಲಿದ ಮೊಟ್ಟೆ, ತಾನೇ ಕವರು ಹರಿದ ಬ್ರೆಡ್ಡು. ಅಮ್ಮ ಮಾಡಿದ ಅಡುಗೆಯನ್ನು ಅಮ್ಮನೇ ಉಣ್ಣಬೇಕು. ಜಗಿಯುವುದಾದರೂ ಹೋಯಿತಲ್ಲ ಎಂದು ಅವಳು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದಳು. ಹೋದ ತಿಂಗಳು ಅವನ ಕೆನ್ನೆ ಊದಿಕೊಂಡಿತು. ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ ಅವಳನ್ನೂ ಕರೆದು ತೋರಿಸಿದರು. ಕೆನ್ನೆಯ ಒಳಭಾಗವೆಲ್ಲ ಗಾಯದ ಮೇಲೆ ಗಾಯ. ಜಗಿಯುವುದು ಹೋಗಿರಲಿಲ್ಲ, ಅಮ್ಮನಿಗೆ ಕಾಣದ ಜಾಗಕ್ಕೆ ಹೋಗಿತ್ತು. ಹಲ್ಲಿಗೆ ಬೇರೆ ಏನಾದರೂ ಸಿಗದಿದ್ದರೆ ಇದು ಮಾಯುವುದಿಲ್ಲ, ಹೀಗೇ ಬಿಟ್ಟರೆ ಒಳ್ಳೆಯದಾಗುವುದಿಲ್ಲ ಎಂದಿದ್ದರು ಡಾಕ್ಟರು.

ಎಳೆಯ ತಾಯಿ ಮಗಳ ಬಾಯಿಂದ ಜಡೆಯನ್ನು ಮೆಲ್ಲಗೆ ಬಿಡಿಸಿದಳು. ನೀಲಿ ಬಿಲ್ಲೆಯೊಂದನ್ನು ಆರಿಸಿದಳು, ಆಯಮ್ಮ ಹೇಳಿದಂತೆ ದಾರವನ್ನು ಜಗ್ಗಿ ನೋಡಿದಳು. ಹೋಗುವಾಗ, ನಿಮ್ಮ ಮಗನಿಗೂ ಒಂದು ಕೊಡಬಹುದಲ್ಲ ಎಂದಳು. ಒಂದು ತಿಂಗಳಿಂದ ಆಯಮ್ಮನಿಗೆ ಧೈರ್ಯ ಸಾಲದಿದ್ದದ್ದೇ ಆ ಕೆಲಸಕ್ಕೆ.

ಸಂಜೆ ಮೇಡಂ ಹತ್ತಿರ ಕೇಳಿ ದೊಡ್ಡವರು ಕಚ್ಚುವಂಥ, ಎಲ್ಲಕ್ಕಿಂತ ಗಟ್ಟಿಯಾದ ಕೊಳವೆಯೊಂದನ್ನು ಮನೆಗೆ ತಂದಳು. ಕವರನ್ನು ಒಡೆಯಲಿಲ್ಲ, ಜಗ್ಗಿಯೂ ನೋಡಲಿಲ್ಲ. ಮೇಜಿನ ಮೇಲಿಟ್ಟು ದೂರ ಸರಿದು ನಿಂತಳು. ಮಗ ಕೆಲಸದಿಂದ ಬಂದು ಕೈಕಾಲು ತೊಳೆದು ಅದನ್ನು ನೋಡಿದ. ಕೆನ್ನೆಗೆ ಒಳ್ಳೆಯದಂತೆ, ಡಾಕ್ಟರೇ ಹೇಳಿದ್ದು ಎಂದು ಅವಳು ಗೋಡೆಗೆ ಹೇಳುವಂತೆ ಹೇಳಿದಳು. ಅವನು ಕವರನ್ನು ತಿರುಗಿಸಿ ತಿರುಗಿಸಿ ಅಂಟಿಸಿದ ಅಂಚನ್ನು ಪರೀಕ್ಷಿಸಿದ. ಹರಿದ. ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ಮೂರು ಸಲ ತೊಳೆದ. ಮೂಸಿ ನೋಡಿದ. ಆ ಹಣ್ಣು, ಮೊಟ್ಟೆ, ಬ್ರೆಡ್ಡು ಬಿಟ್ಟರೆ ಇಪ್ಪತ್ತಾರು ವರ್ಷದಲ್ಲಿ ಅವಳು ತಂದದ್ದೊಂದು ಅವನ ಬಾಯಿಗೆ ಇಷ್ಟು ಹತ್ತಿರ ಹೋದದ್ದು ಇದೇ ಮೊದಲು.

ಅವನು ಅದನ್ನು ಅವಳ ಬಾಯಿಗೆ ಹಿಡಿದ.

ಅವಳಿಗೆ ಅರ್ಥವಾಯಿತು. ಕಚ್ಚಿದಳು. ಮುಂದಿನ ಹಲ್ಲಿನಲ್ಲಿ ಮುಟ್ಟಿಸಿದರೆ ನಂಬುವುದಿಲ್ಲವೆಂದು ಒಡೆದ ಹಲ್ಲಿದ್ದ ಬಲ ದವಡೆಗೆ ತಳ್ಳಿ, ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಕಚ್ಚಿದಳು. ಅವನು ಕಣ್ಣು ಮಿಟುಕಿಸದೆ ಅವಳ ಮುಖವನ್ನೇ ನೋಡುತ್ತಿದ್ದ, ಎಲ್ಲಿ ಸಿಂಡರಿಸುತ್ತದೋ ಎಂದು. ಅವಳು ನಕ್ಕು ತೋರಿಸಿದಳು.

“ಒಂಚೂರೂ ಕಹಿ ಇಲ್ಲ ಕಣಪ್ಪ.”

“ಅವತ್ತೂ ಹಾಗೇ ಅಂದಿದ್ದೆ,” ಎಂದ ಅವನು.

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. ಹಾಲು ಬ್ರೆಡ್ಡಿನ ತುತ್ತು ಹಿಡಿದು ಹಾಗೆ ಅಂದಿದ್ದನ್ನು ಅವಳು ಮರೆತೇಬಿಟ್ಟಿದ್ದಳು, ಇಲ್ಲವೆ ಮರೆತುಬಿಟ್ಟೆ ಎಂದುಕೊಂಡಿದ್ದಳು. ಅವನು ಕೊಳವೆಯನ್ನು ಮತ್ತೊಮ್ಮೆ ತೊಳೆದು ತನ್ನ ಕೋಣೆಗೆ ತೆಗೆದುಕೊಂಡು ಹೋದ. ತೆಗೆದುಕೊಂಡು ಹೋದನಲ್ಲ, ಅಷ್ಟು ಸಾಕು ಎಂದು ಅವಳು ಆಸೆ ಕಟ್ಟಿಕೊಂಡಳು.

ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ನೋಡಿದರೆ ಕೊಳವೆ ಮೇಜಿನ ಮೇಲಿತ್ತು. ಅವಳು ಕನ್ನಡಕ ಏರಿಸಿ ಕಿಟಕಿಯ ಹತ್ತಿರ ಒಯ್ದಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಇಂಚಿಂಚೂ ತಿರುಗಿಸಿದಳು. ನಡುವೆ ಒಂದು ಸೀಳಿತ್ತು. ಆ ಸೊಟ್ಟ ಸೀಳು ಯಾವ ಹಲ್ಲಿನದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳ ಬಲ ದವಡೆಯ ಒಡೆದ ಹಲ್ಲಿನದು. ಬೇರೆ ಗುರುತು ಹುಡುಕಿದಳು, ಒರೆಸಿ ಹುಡುಕಿದಳು, ಉಗುರಿನಿಂದ ಸವರಿ ಹುಡುಕಿದಳು. ಒಂದೂ ಇರಲಿಲ್ಲ.

ಸೀಳು ಬಿದ್ದದ್ದನ್ನು ಇಟ್ಟುಕೊಳ್ಳುವಂತಿಲ್ಲ. ಊರಿಗೆಲ್ಲ ಅವಳೇ ಹೇಳಿಕೊಂಡು ಬಂದ ಮಾತು. ಕತ್ತರಿ ತಂದು ತುಂಡು ತುಂಡು ಮಾಡಿ ಬುಟ್ಟಿಗೆ ಹಾಕಿದಳು. ಬುಟ್ಟಿಯಲ್ಲಿ ಅವನು ಸುಲಿದ ಮೊಟ್ಟೆಯ ಸಿಪ್ಪೆ ಇತ್ತು, ಹರಿದ ಬ್ರೆಡ್ಡಿನ ಕವರು ಇತ್ತು. ಶಾಲೆಗೆ ಹೊತ್ತಾಗಿತ್ತು. ಅಲ್ಲಿ ನೀರು ಕುದಿಯಲು ಇಡಬೇಕಿತ್ತು.