ಅಣ್ಣನ ದನಿಗಾಗಿ ಕಟ್ಟಿದ ಕೋಣೆ

ಕ್ಯಾನ್ಸರ್ ಹತ್ತಿದ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ದಿನ, ಅಣ್ಣ ಆಸ್ಪತ್ರೆಯಿಂದ ನೇರ ಶಿಕಾರಿಪುರದ ನಮ್ಮ ಮನೆಗೆ ಬಂದ. ಕೊಟ್ಟ ಚಹಾ ಮುಟ್ಟದೆ ಬದಿಗಿಟ್ಟ. ಆಮೇಲೆ ಕೇಳಿದ: "ತಮ್ಮ, ಅದಕ್ಕೂ ಮುಂಚೆ ನನ್ನ ದನಿ ಹಿಡಿದಿಡಾಕೆ ಆಗ್ತದಾ?"

ಅಣ್ಣನ ಮನೆ ಆನವಟ್ಟಿಯಲ್ಲಿ. ಬಾಡಿಗೆ ಆಟೋದಲ್ಲಿ ಮೈಕು ಹಿಡಿದು ಕೂತು ಊರೂರು ಸುತ್ತಿ ಪ್ರಚಾರ ಹೇಳುವುದೇ ಅವನ ಕೆಲಸ. ಬಟ್ಟೆ ಅಂಗಡಿಯ ರಿಯಾಯಿತಿ, ಕಣ್ಣಿನ ಶಿಬಿರ, ನಾಟಕ, ಅಂಬ್ಲಿಗೊಳದ ನಾಲೆಗೆ ನೀರು ಬಿಡುವ ಸುದ್ದಿ. ಉಳಿದವರೆಲ್ಲ ಪೆನ್‌ಡ್ರೈವ್ ಹಾಕಿಕೊಂಡು ಆರಾಮಾಗಿದ್ದರೂ ಅವನು ಮಾತ್ರ ಬಾಯಲ್ಲೇ ಹೇಳುತ್ತಿದ್ದ. ದನಿ ಒಡೆದಾಗ, ಕೂಗಿ ಕೂಗಿ ಹೀಗಾಗಿದೆ ಎಂದು ಕಾಳುಮೆಣಸಿನ ಕಷಾಯ ಕುಡಿಯುತ್ತ ತಿಂಗಳುಗಟ್ಟಲೆ ತಳ್ಳಿದ.

ಮನೆಯ ಹಿಂದೆ ನನ್ನದೊಂದು ಚಿಕ್ಕ ರೆಕಾರ್ಡಿಂಗ್ ಕೋಣೆ ಇತ್ತು. ಜಾಹೀರಾತು, ಭಜನೆ ಇಷ್ಟೇ ಅಲ್ಲಿನ ಕೆಲಸ. ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂಬ ಮಾತು ನಂಬಿ ಗೋಡೆ ತುಂಬ ಅಂಟಿಸಿದ್ದೆ. ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಮಾತ್ರ ಹಾಗೇ ಬರುತ್ತಿತ್ತು. ಜಾಹೀರಾತಾದರೆ ಸಂಗೀತ ಹಾಕಿ ಮುಚ್ಚಬಹುದು. ಅಣ್ಣನ ಬರೀ ದನಿಯ ಹಿಂದೆ ಗಿರಣಿ ಗುರುಗುಟ್ಟುವುದು ನನಗೆ ಬೇಡವಾಗಿತ್ತು.

ಆಪರೇಷನ್ನಿಗೆ ಹೆಚ್ಚು ದಿನ ಇರಲಿಲ್ಲ. ಟ್ರೇ ಕಿತ್ತು ಒಗೆದೆ. ಕಿಟಕಿಗೆ ಇಟ್ಟಿಗೆ ಕಟ್ಟಿಸಿದೆ. ಹೊರಗಿನ ಸದ್ದು ತಡೆಯಲು ಭಾರ ಬೇಕು, ಒಂದು ಸಂದೂ ಬಿಡಬಾರದು ಎಂದು ಅಷ್ಟರಲ್ಲಿ ಓದಿ ತಿಳಿದಿದ್ದೆ. ಗೋಡೆಗೆ ತಾಗದಂತೆ ಮರದ ಚೌಕಟ್ಟು ನಿಲ್ಲಿಸಿ, ನಡುವೆ ರಾಕ್‌ವುಲ್ ಎಂಬ ಕಲ್ಲುನಾರಿನ ಹಾಸು ತುಂಬಿ, ಮೇಲೆ ಎರಡು ಪದರ ಜಿಪ್ಸಮ್ ಹಲಗೆ ಹೊಡೆಸಿದೆ. ದಪ್ಪ ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ. ಒಳಗೆ ದನಿ ಗೋಡೆಗೆ ಬಡಿದು ಮರಳದಂತೆ ಅದೇ ನಾರಿನ ಹಾಸುಗಳಿಗೆ ಬಟ್ಟೆ ಬಿಗಿದು ಗೋಡೆ, ಮೂಲೆ, ಸೂರಿಗೆಲ್ಲ ಕೂರಿಸಿದೆ. ಅಣ್ಣ ದಿನಾ ಬಸ್ಸಿಗೆ ಬಂದು ಬಟ್ಟೆ ಎಳೆದು ಹಿಡಿಯುತ್ತಿದ್ದ. ನಾರು ಚುಚ್ಚಿ ಇಬ್ಬರ ಕೈಗಳೂ ಕೆರೆದು ಕೆಂಪಾಗಿದ್ದವು. ಅವನ ಕುತ್ತಿಗೆಯ ಗಂಟು ಆಗಲೇ ಹೊರಗೆ ಕಾಣುತ್ತಿತ್ತು.

ಬಾಗಿಲು ಹಾಕಿದ ಮೊದಲ ದಿನ ಗಿರಣಿ ಓಡುತ್ತಿದ್ದರೂ ಒಳಗೆ ಏನೂ ಕೇಳಲಿಲ್ಲ. ನನಗೆ ಹಿಗ್ಗು. ಅಣ್ಣ ಮೈಕಿನ ಮುಂದೆ ಕೂತು, "ಆತ್ಮೀಯ ಬಂಧುಗಳೇ" ಎಂದವನು ಅಲ್ಲಿಗೇ ನಿಲ್ಲಿಸಿಬಿಟ್ಟ.

"ಮಾತು ಮುಂದಕ್ಕೇ ಹೋಗ್ತಿಲ್ಲ ತಮ್ಮ. ಬಾಯಿ ಹತ್ರಾನೇ ಬಿದ್ದೋಗ್ತದೆ."

"ರೂಢಿಯಾಗ್ತದೆ ಅಣ್ಣ. ಹೇಳು."

ಅವನು ಹೆಡ್‌ಫೋನ್ ಒತ್ತಿ ಹಿಡಿದು ಆಲಿಸಿದ. "ಇದೇನು ಗೊರಗೊರ ಅಂತೈತಲ್ಲ?"

"ನಿನ್ನ ಉಸಿರು."

"ಹೊರಗೆ ಇದು ಕೇಳ್ತಿರ್ಲಿಲ್ಲ" ಎಂದು ಹೆಡ್‌ಫೋನ್ ಕಳಚಿಟ್ಟ.

ಮುಂದೆ ಮನೆಯವರ ಹೆಸರು ಕರೆದ. ನೀರು ಕೊಡು, ಊಟ ಆಯ್ತಾ, ಬಾಗ್ಲು ಹಾಕ್ಕೋ ಎಂಬ ದಿನಬಳಕೆಯ ಮಾತುಗಳನ್ನು ಹೇಳಿದ. ಬೇಕಾದ ಮಾತನ್ನು ಮುಂದೆ ಮೊಬೈಲಿನಲ್ಲಿ ಒತ್ತಿದರೆ ಅವನ ದನಿಯಲ್ಲೇ ಬರಲಿ ಎಂದು ನನ್ನ ಲೆಕ್ಕಾಚಾರ. ಫ್ಯಾನಿಲ್ಲದ ಕೋಣೆಯಲ್ಲಿ ಅವನು ಬೆವೆತು ತೊಯ್ದುಹೋಗುತ್ತಿದ್ದ. ಒಂದು ಮಧ್ಯಾಹ್ನ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ. ಕರವಸ್ತ್ರದಲ್ಲಿ ರಕ್ತ ಕಂಡಿತು. "ಸಾಕು ಮಾಡಾಣ" ಎಂದು ಎದ್ದವನು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಆಪರೇಷನ್ ಆಯಿತು. ಕುತ್ತಿಗೆಯ ತೂತಿನಲ್ಲಿ ಉಸಿರಾಡುತ್ತ ಮನೆಗೆ ಬಂದ. ಮಾತುಗಳನ್ನು ಮೊಬೈಲಿಗೆ ಹಾಕಿ ಕೈಗೆ ಕೊಟ್ಟೆ. ಒಂದನ್ನು ಒತ್ತಿ ಕೇಳಿ, ಮೊಬೈಲನ್ನು ಮಗುಚಿ ಇಟ್ಟ. ಆಮೇಲೆ ಎಲ್ಲವೂ ಕೈಸನ್ನೆಯಲ್ಲೇ. ವರ್ಷ ತುಂಬುವುದರೊಳಗೆ ರೋಗ ಶ್ವಾಸಕೋಶಕ್ಕೆ ಇಳಿದು ತೀರಿಕೊಂಡ.

ಕಾರ್ಯಗಳೆಲ್ಲ ಮುಗಿದು ಸ್ವಲ್ಪ ದಿನಕ್ಕೆ ಅತ್ತಿಗೆ ಬಂದರು. "ಅವರು ಮಾತಾಡಿದ್ದು ಇದೆಯಂತಲ್ಲ, ಹಾಕ್ರಿ" ಎಂದರು. ಕೋಣೆಯಲ್ಲಿ ಕೂರಿಸಿ ಹಾಕಿದೆ. 'ಊಟ ಆಯ್ತಾ' ಎಂದ ಅಣ್ಣ. ಅತ್ತಿಗೆ ಇನ್ನೊಮ್ಮೆ ಹಾಕಿಸಿದರು. ಕಣ್ಣೀರು ಬರುತ್ತದೆಂದು ನಾನು ಕಾದಿದ್ದೆ, ಬರಲಿಲ್ಲ.

"ಇದು ಅವರಲ್ಲ" ಎಂದರು.

"ಅವನದೇ ದನಿ ಅತ್ತಿಗೆ. ಒಂದು ಹೊರಗಿನ ಸದ್ದೂ ಸೇರಿಲ್ಲ."

"ಅವರು ಯಾವತ್ತು ಹಿಂಗೆ ಮಾತಾಡಿದ್ರು? ಬಾಗ್ಲಲ್ಲಿ ಚಪ್ಪಲಿ ಬಿಡ್ತಾ ಕೇಳೋರು. ಒಲೆ ಮುಂದೆ ನನಗೆ ಅರ್ಧ ಕೇಳ್ತಿತ್ತು, ಅರ್ಧ ಇಲ್ಲ."

ಕಂಪ್ಯೂಟರಿನಲ್ಲಿ ಒಂದಿಷ್ಟು ಮಾರ್ದನಿ ಸೇರಿಸಿ ಮತ್ತೆ ಕೇಳಿಸಿದೆ. ಬಾವಿಯೊಳಗಿಂದ ಯಾರೋ ಕೂಗಿದಂತಾಯಿತು. ಅತ್ತಿಗೆ ನನ್ನ ಕೈ ಹಿಡಿದು ತಡೆದರು.

"ಬ್ಯಾಡ, ಬಿಡ್ರಿ. ಅಳಿಸಬ್ಯಾಡ್ರಿ ಮತ್ತೆ. ನಂಗೆ ಮಾತ್ರ ಇನ್ನೊಂದ್ಸಲ ಕೇಳಿಸಬ್ಯಾಡ್ರಿ."

ಅಳಿಸಿಲ್ಲ. ಈಗ ಆ ಕೋಣೆಯಲ್ಲಿ ಚೆನ್ನಾಗಿ ಕೆಲಸ ನಡೆಯುತ್ತಿದೆ. ಸೊರಬದಿಂದಲೂ ಜನ ಬರುತ್ತಾರೆ, ಇಷ್ಟು ಶಾಂತವಾದ ಕೋಣೆ ಈ ಕಡೆ ಇನ್ನೆಲ್ಲೂ ಇಲ್ಲ ಎನ್ನುತ್ತಾರೆ. ಅವರು ಹೊರಟ ಕೂಡಲೇ ನಾನೂ ಎದ್ದು ಹೊರಗೆ ಬರುತ್ತೇನೆ. ಒಬ್ಬನೇ ಬಾಗಿಲು ಹಾಕಿಕೊಂಡು, ನನ್ನ ಉಸಿರನ್ನೇ ಕೇಳುತ್ತ ಅಲ್ಲಿ ಕೂರಲು ನನಗೆ ಆಗುವುದಿಲ್ಲ.