ಮದ್ದಿಲ್ಲದ ಸೂಜಿ, ಎಡಗೈ ಕದಿರಪ್ಪ

ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹೋಟೆಲುಗಳು ಇನ್ನೂ ಬಾಗಿಲು ತೆರೆದಿಲ್ಲ. ಡಾಕ್ಟರ್ ಆರುಮುಗಂ ಅವರ ಕ್ಲಿನಿಕ್ಕಿನಲ್ಲಿ ಮಾತ್ರ ಆಗಲೇ ಪಂಪ್ ಸ್ಟೌವ್ ಭರ್ರೆನ್ನುತ್ತಿದೆ. ಅದರ ಮೇಲಿನ ಡಬ್ಬಿಯಲ್ಲಿ ಕುದಿಯುತ್ತಿರುವುದು ಕಾಫಿಯ ನೀರಲ್ಲ, ಸೂಜಿಗಳು. ಮಾರಿಕುಪ್ಪಂ ಕಡೆಯ ಮೊದಲ ರೈಲಿಗೆ ಬಂದಿಳಿದ ಕದಿರಪ್ಪ ಸ್ಟೌವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಡಗೈಯನ್ನು ಬಿಸಿಗೆ ಒಡ್ಡಿಕೊಂಡಿದ್ದಾರೆ. ಬಲಗೈಗೆ ಆ ಭಾಗ್ಯವಿಲ್ಲ, ಅದು ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ.

"ಈ ಕೈ ತಣ್ಣಗಿದ್ರೆ ನಂಗೇನೂ ಕಾಣಿಸಲ್ಲ ಸಾರ್. ನನ್ನ ಕಣ್ಣು ಇರೋದು ಇಲ್ಲಿ," ಎಂದು ಎಡಗೈಯ ಹೆಬ್ಬೆರಳು ತೋರಿಸುತ್ತಾರೆ.

ಕದಿರಪ್ಪನ ಕೆಲಸ ಹೇಳಲು ಸುಲಭ, ನಂಬಲು ಕಷ್ಟ. ಬಿಗಿದುಕೊಂಡ ಮಾಂಸಖಂಡದಲ್ಲಿ ಬಟಾಣಿ ಕಾಳಿನಷ್ಟು ಗಂಟೊಂದು ಇರುತ್ತದೆ. ಅದನ್ನು ಬೆರಳಲ್ಲಿ ಹುಡುಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಸಣ್ಣ ಸೂಜಿಯೊಂದನ್ನು ಸರಿಯಾಗಿ ಅದರೊಳಕ್ಕೆ ಇಳಿಸುವುದು. ಸೂಜಿಯಲ್ಲಿ ಮದ್ದಿಲ್ಲ, ಹಿಂದೆ ಸಿರಿಂಜೂ ಇಲ್ಲ. ಇಂಜೆಕ್ಷನ್ ಎಂದರೆ ಬಣ್ಣದ ನೀರಾದರೂ ಇರಬೇಕು ಎನ್ನುವ ಜನಕ್ಕೆ ಇದು ಸಮಾಧಾನವಲ್ಲ. "ಬರೀ ಸೂಜಿಗೇ ಬಸ್ಸತ್ತಿ ಬಂದ್ನಾ?" ಎಂದು ಗೊಣಗಿದವರೇ ಮರುವಾರ ಕತ್ತು ಸಲೀಸಾಗಿ ತಿರುಗಿಸಿಕೊಂಡು ನೆಂಟರನ್ನೂ ಕರೆತರುತ್ತಾರೆ.

"ಗಂಟಿಗೆ ತಗುಲ್ತು ಅಂದ್ರೆ ಮಾಂಸ ಒಂದ್ಸಲ ಮೀನಿನಂಗೆ ಎಗರ್ತದೆ. ಎಗರಿದ್ರೆ ಸರಿ. ಎಗರ್ಲಿಲ್ಲ ಅಂದ್ರೆ ನಾನು ಬೇರೆಲ್ಲೋ ಚುಚ್ಚಿದೀನಿ ಅಂತ. ಎದೆ, ಪಕ್ಕೆ ಕಡೆ ಮಾತ್ರ ನಾನು ಓಗಲ್ಲ ಸಾರ್. ಅಲ್ಲಿ ಒಳಗೆ ಉಸಿರಿನ ಚೀಲ ಐತೆ. ಅದು ಡಾಕ್ಟ್ರದೇ ಕೆಲಸ."

ಕ್ಯಾಸಂಬಳ್ಳಿಯ ಬೇಸಾಯದ ಮನೆಯಲ್ಲಿ ಹುಟ್ಟಿದ ಕದಿರಪ್ಪ ಮೀಸೆ ಚಿಗುರುವ ವಯಸ್ಸಿಗೇ ಚಿನ್ನದ ಗಣಿಗೆ ಇಳಿದವರು. ಕಲ್ಲು ಕೊರೆಯುವ ಮಷೀನನ್ನು ಎದೆಗೊತ್ತಿ ಹಿಡಿಯುವುದೇ ಕೆಲಸ. ಒಂದು ದಿನ ಹೆಗಲು ಕಚ್ಚಿಕೊಂಡಿತು, ಅಂಗಿ ತೊಡಿಸಲು ಹೆಂಡತಿಯೇ ಬೇಕಾಯಿತು. ಆಗ ಡಾಕ್ಟರ್ ಆರುಮುಗಂ ಮದ್ದಿಲ್ಲದ ಸೂಜಿಯಲ್ಲೇ ಹೆಗಲು ಬಿಡಿಸಿದರು. ಅದನ್ನು ಕಂಡ ಕದಿರಪ್ಪನಿಗೆ ಹುಚ್ಚೇ ಹಿಡಿಯಿತು. ಪಾಳಿ ಮುಗಿದೊಡನೆ ಕ್ಲಿನಿಕ್ಕಿಗೆ ಬಂದು ಕೂರತೊಡಗಿದರು, ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಗಣಿಯನ್ನೇ ಬಿಟ್ಟರು. ಡಾಕ್ಟರು ತಮ್ಮ ತೊಡೆಯನ್ನೇ ಮುಂದಿಟ್ಟು, ತಪ್ಪಾದರೆ ಬೈಯುತ್ತೇನೆ ಎಂದು ಹೇಳಿ ಕಲಿಸಿದರಂತೆ. ಬೈದರೇ ಎಂದು ಕೇಳಿದರೆ ಕದಿರಪ್ಪ ನಗುತ್ತಾರೆ: "ಬೈದ್ರು ಸಾರ್, ತಮಿಳಲ್ಲಿ."

ಗಣಿ ಬಿಟ್ಟರೂ ಮಷೀನು ಕೈ ಬಿಡಲಿಲ್ಲ. ವರ್ಷಗಟ್ಟಲೆ ಅದುರಿದ ಬಲಗೈ ಬೆರಳುಗಳು ಮರಗಟ್ಟಿಹೋಗಿವೆ. ಸೂಜಿ ಹಿಡಿಯಲು, ಇಳಿಸಲು ಬಲಗೈ ಸಾಕು. ಗಂಟು ಹುಡುಕಲು ಎಡಗೈಯೇ ಬೇಕು. ಈ ಕೈಯಿಂದ ಅವರು ಸೌದೆ ಒಡೆಯುವುದಿಲ್ಲ, ನೀರು ಸೇದುವುದಿಲ್ಲ. ಮನೆಯವರು ಅದನ್ನು "ಅಳಿಯದೇವ್ರು" ಎಂದು ಆಡಿಕೊಳ್ಳುತ್ತಾರೆ.

ತೊಡಕಿರುವುದೂ ಇಲ್ಲೇ. ಗಣಿಯವರಿಗೆ ಎಡ ಬಲದ ಗೊಡವೆಯಿಲ್ಲ, ಕತ್ತಲಲ್ಲಿ ಸಿಕ್ಕ ಕೈ ಹಿಡಿದು ನಡೆದವರು ಅವರು. ಆದರೆ ಎಡಗೈಯಲ್ಲಿ ಕೊಟ್ಟ ಎಲೆ ಅಡಿಕೆಯನ್ನೂ ಈಸಿಕೊಳ್ಳದ ಹಳ್ಳಿಗಳಿಂದ ಬರುವ ಹೆಂಗಸರು ಮೈಮೇಲೆ ಎಡಗೈ ಬಿದ್ದೊಡನೆ ಹಾವು ಮುಟ್ಟಿದಂತೆ ಸರಿಯುತ್ತಾರೆ. ಬಲಗೈ ಸತ್ತಿದೆ ಎಂದು ಹೇಳಲು ಕದಿರಪ್ಪನಿಗೆ ಭಯ. ಸ್ಪರ್ಶವಿಲ್ಲದವನ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳುವವರು ಯಾರು? ಆ ಕೆಲಸವೂ ಹೋದರೆ ಉಳಿಯುವುದೇನು?

ಬೂದಿಕೋಟೆ ಕಡೆಯಿಂದ ಹಾಲು ಮಾರಲು ಬರುವ ಅಕ್ಕಯ್ಯಮ್ಮ ಹೋದ ವಾರ ಹೀಗೇ ಸರಿದು ಕೂತಿದ್ದರು. ಹಾಲು ಕರೆದು ಕರೆದು ಬಲಗೈ ಹೆಬ್ಬೆರಳು ಮಡಚಲಾಗದಷ್ಟು ನೋವು. ಅವರ ಮನಸ್ಸು ನೋಯಬಾರದೆಂದು ಕದಿರಪ್ಪ ಬಲಗೈಯಲ್ಲೇ ತಡವಿ, ಅಂದಾಜಿಗೆ ಚುಚ್ಚಿದರು. ಮಾಂಸ ಎಗರಲಿಲ್ಲ, ನೋವೂ ಹೋಗಲಿಲ್ಲ.

ಇಂದು ಬೆಳಗಿನ ಬಸ್ಸಿಗೆ ಅಕ್ಕಯ್ಯಮ್ಮ ಮತ್ತೆ ಬಂದಿದ್ದಾರೆ, ಅರ್ಧವೂ ತುಂಬದ ಹಾಲಿನ ಕ್ಯಾನಿನ ಜೊತೆಗೆ ಕೋಪವನ್ನೂ ಹೊತ್ತುಕೊಂಡು. "ಸೊಸೆ ಕೈ ಇಟ್ರೆ ಅಸು ಒದೀತದೆ. ನಾನು ಕರೆಯೋಣ ಅಂದ್ರೆ ಬೆರಳು ಬರಲ್ಲ. ಏನು ಸೂಜಿಯಪ್ಪ ನಿಂದು?"

ಕದಿರಪ್ಪ ಎಡಗೈ ಚಾಚುತ್ತಾರೆ. ಆಕೆ ತೋಳು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬೆಂಚಿನ ತುಂಬ ಜನ ನೋಡುತ್ತಿದ್ದಾರೆ. ಕದಿರಪ್ಪ ಒಮ್ಮೆ ಉಸಿರೆಳೆದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಾರೆ.

"ಅಕ್ಕ, ಓದ್ವಾರ ತಪ್ಪು ನಂದೇ. ನನ್ನ ಬಲಗೈಗೆ ಏನೂ ಗೊತ್ತಾಗಲ್ಲ, ಗಣಿ ಮಷೀನು ತಿಂದಾಕ್ಬಿಟ್ಟೈತೆ. ಗಂಟು ಗೊತ್ತಾಗೋದು ಈ ಕೈಗೇ."

"ಆದ್ರೂ ಎಡಗೈ ಕಣಪ್ಪ..."

"ನೀನು ಆಲು ಯಾವ ಕೈಲಿ ಕರೀತೀಯಕ್ಕ?"

"ಎಲ್ಡು ಕೈಲೂ. ಒಂದೇ ಕೈಲಿ ಕರೆದ್ರೆ ಮಧ್ಯಾನ ಆಗೋಗ್ತದೆ."

"ಎಡಗೈಲಿ ಕರೆದಿದ್ದು ಬೇರೆ ಚೆಂಬಲ್ಲಿ ಇಡ್ತೀಯಾ? ಬಲಗೈದು ದೇವ್ರಿಗೆ, ಎಡಗೈದು ಓಟ್ಲಿಗೆ ಅಂತ?"

ಬೆಂಚಿನವರು ಗೊಳ್ಳೆನ್ನುತ್ತಾರೆ. ಅಕ್ಕಯ್ಯಮ್ಮ ನಗು ತಡೆಯಲು ಮುಖ ಆಚೆ ತಿರುಗಿಸಿ, ತೋಳು ಈಚೆ ಚಾಚುತ್ತಾರೆ. "ಬಾಯಿ ಬಾಳ ಆಯ್ತು ನಿಂದು. ಮುಟ್ಟು, ಮುಟ್ಟು."

ಎಡಗೈ ಹೆಬ್ಬೆರಳು ಮೊಣಕೈ ಕೆಳಗೆ ಮೆಲ್ಲಗೆ ಇಳಿಯುತ್ತದೆ, ನಿಲ್ಲುತ್ತದೆ, ಒಂದಿಷ್ಟು ಹಿಂದೆ ಬರುತ್ತದೆ. ನೋವು ಬೆರಳಲ್ಲಿ, ಗಂಟು ಇಲ್ಲಿ. ಬಲಗೈ ಸೂಜಿ ಇಳಿಸುತ್ತದೆ. ಬೆಂಚಿನ ತುದಿಯಲ್ಲಿ ಕೂತವರಿಗೂ ಕಾಣುವಂತೆ ಮಾಂಸ ಎಗರುತ್ತದೆ. "ಅವ್ವಾ!" ಎಂದು ಕೂಗಿದ ಅಕ್ಕಯ್ಯಮ್ಮ ಸ್ವಲ್ಪ ಹೊತ್ತಿಗೆ ಹೆಬ್ಬೆರಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿಕೊಳ್ಳುತ್ತಾರೆ. ಆ ಬೆರಳು ತಮ್ಮದೇ ಎಂದು ನಂಬಲು ಅವರಿಗೆ ಕೊಂಚ ಸಮಯ ಬೇಕು.

ಮುಂದಿನ ಆಸೆ ಏನೆಂದು ಕೇಳಿದರೆ ಕದಿರಪ್ಪ ಯೋಚಿಸುವುದೇ ಇಲ್ಲ. "ಈ ಕೈ ಇಂಗೇ ಬೆಚ್ಚಗಿರ್ಲಿ ಸಾರ್, ಸಾಕು. ಜನ ಮುಟ್ಟಿಸ್ಕೊಂಡ್ರೆ ಮಿಕ್ಕಿದ್ದು ನಾನು ನೋಡ್ಕೋತೀನಿ." ಅಕ್ಕಯ್ಯಮ್ಮನ ಕಡೆ ತಿರುಗಿ, "ಇವತ್ತು ಆ ಕೈಲಿ ಬಾರ ಎತ್ತಬ್ಯಾಡಕ್ಕ," ಎನ್ನುತ್ತಾರೆ.

ಅಕ್ಕಯ್ಯಮ್ಮ ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಕ್ಯಾನಿಗೆ ಲೋಟ ಅದ್ದಿ, ತುಂಬಿದ ಹಾಲನ್ನು ಕದಿರಪ್ಪನ ಮುಂದೆ ಹಿಡಿಯುತ್ತಾರೆ, ಎಡಗೈಯಲ್ಲೇ. ಹಿಡಿದ ಮೇಲೆ ತಾವೇ ನೋಡಿಕೊಂಡು ಅರೆಗಳಿಗೆ ತಡೆಯುತ್ತಾರೆ. ಕದಿರಪ್ಪ ತಮ್ಮ ಎಡಗೈ ಮುಂದೆ ಮಾಡಿ ಈಸಿಕೊಳ್ಳುತ್ತಾರೆ.

"ಬೇರೆ ಪಾತ್ರೆಗೇನೂ ಆಕಲ್ಲ ಬಿಡಕ್ಕ," ಎನ್ನುತ್ತಾ ಸ್ಟೌವಿನ ಕಡೆ ನಡೆಯುತ್ತಾರೆ. "ಡಾಕ್ಟ್ರ ಕಾಫಿಗೂ ಇದೇ."