ಒಂದು ಮೊಳ ಹಾಸು

ಮೊನ್ನೆ ಹನೂರಿನ ಸಂತೆಯಲ್ಲಿ ಮಸಾಲೆ ಮಾರುವವನೊಬ್ಬ ಚಕ್ಕೆಯ ಪೊಟ್ಟಣ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದ. "ನೋಡಿ ಸಾ, ಇದು ಸಿಲೋನ್ ಚಕ್ಕೆ. ನಮ್ದಂಗೆ ದಪ್ಪ ತೊಗಟೆ ಅಲ್ಲ" ಎಂದ. ಸುರುಳಿ ಸುತ್ತಿದ ಕಾಗದದಷ್ಟು ತೆಳ್ಳಗಿತ್ತು. ಆ ವಾಸನೆ ಬಂದದ್ದೇ ನಾನು ಕೈಯ ಚೀಲ ಕೆಳಗಿಟ್ಟು ಪೊಟ್ಟಣವನ್ನು ಕೈಗೆ ತೆಗೆದುಕೊಂಡೆ. ಕೊಳ್ಳೇಗಾಲದಲ್ಲಿ ನಮ್ಮ ಎದುರು ಮನೆಯ ಮಗ್ಗದ ಮೇಷ್ಟ್ರು ದಿನವೂ ಸಂಜೆ ಕೊಡುತ್ತಿದ್ದ ಟೀಯಲ್ಲಿ ಇದ್ದದ್ದು ಇದೇ ವಾಸನೆ.

ನನ್ನ ಉದ್ಯೋಗವೆಲ್ಲ ಬಸ್ ನಿಲ್ದಾಣದಲ್ಲಿ ಕಳೆಯಿತು. ಯಾವ ಬಸ್ಸು ಯಾವ ನಿಮಿಷಕ್ಕೆ ಬಿಡಬೇಕೋ ಆ ನಿಮಿಷಕ್ಕೆ ಬಿಡಿಸುವುದು ಕಂಟ್ರೋಲರನ ಕೆಲಸ. ನಿವೃತ್ತಿಯಾದ ಮೇಲೂ ಏಳುವುದಕ್ಕೆ, ನಡೆಯುವುದಕ್ಕೆ, ಉಣ್ಣುವುದಕ್ಕೆ ವೇಳೆ ಗೊತ್ತಿತ್ತು. ಸಂಜೆಯ ವೇಳೆ ಮೇಷ್ಟ್ರದು. ನಾನು ಹೋಗಿ ಅವರ ಜಗಲಿಯಲ್ಲಿ ಕೂತರೆ ಒಳಗೆ ಮಗ್ಗದ ಸದ್ದು ನಿಲ್ಲುತ್ತಿತ್ತು, ಟೀ ಬರುತ್ತಿತ್ತು.

ಅವರು ಶಾಲೆಯ ಮೇಷ್ಟ್ರಲ್ಲ. ಪ್ರಾಯದಲ್ಲಿ ಶ್ರೀಲಂಕಾದ ಪೂರ್ವ ಕರಾವಳಿಯ ಒಂದು ಊರಿಗೆ ರೇಷ್ಮೆ ನೇಯ್ಗೆ ಕಲಿಸಲು ಹೋಗಿದ್ದರು. ಗಡಿಯ ಕಡೆಯವರಾದ್ದರಿಂದ ತಮಿಳು ಬರುತ್ತಿತ್ತು. ಆ ಊರು ಬೇಗ ಅವರದಾಯಿತು. ಅಲ್ಲಿನ ತೆಂಗಿನಕಾಯಿ ಚಟ್ನಿ, ಒತ್ತುಶ್ಯಾವಿಗೆ, ಅಳಿವೆಯ ಹಿಂದೆ ಏಳುವ ಚಂದ್ರ, ಲಾಳಿ ಎಸೆಯುತ್ತಲೇ ಹಾಡುವ ಹುಡುಗಿಯರು... ಇಷ್ಟನ್ನೂ ನಾನು ಎಷ್ಟು ಸಲ ಕೇಳಿದ್ದೆನೆಂದರೆ ನಾನೇ ಹೋಗಿ ಬಂದವನ ಹಾಗೆ ಆಗಿದ್ದೆ. ಕಲಿಸುವ ಕೆಲಸ ಅರ್ಧದಲ್ಲಿದ್ದಾಗ ಅಲ್ಲಿ ಗಲಭೆ ಹತ್ತಿಕೊಂಡು ಉಟ್ಟ ಬಟ್ಟೆಯಲ್ಲಿ ವಾಪಸ್ ಬಂದರಂತೆ. ಆಮೇಲೆ ಯುದ್ಧ. ಅದು ಮುಗಿಯುವ ಹೊತ್ತಿಗೆ ಇಲ್ಲಿ ಹೆಂಡತಿಗೆ ಕಾಯಿಲೆ. ಮಕ್ಕಳಿರಲಿಲ್ಲ. ಆಕೆ ತೀರಿಕೊಂಡು ವರ್ಷ ತುಂಬಿದ ಮೇಲೆ ಒಂದು ಸಂಜೆ, "ಒಂದ್ಸಲ ಓಗ್ಬರ್ಬೇಕು ಸಾ" ಎಂದರು.

ಇಂಥ ಕೆಲಸ ಸಿಕ್ಕರೆ ನನಗೆ ಹಬ್ಬ. ಪಾಸ್‌ಪೋರ್ಟಿಗೆ ಓಡಾಡಿಸಿದೆ. ಭೂಪಟ ತಂದು ಜಗಲಿಯ ಮೇಲೆ ಹರಡಿದೆ. ಪೂರ್ವದ ಕಡೆ ಮಳೆ ಸಂಕ್ರಾಂತಿಯವರೆಗೂ ಬಿಡುವುದಿಲ್ಲ. ಆದ್ದರಿಂದ ಶಿವರಾತ್ರಿ ಕಳೆದು ಹೊರಡುವುದು. ಮೊದಲು ಅವರ ಹಳೆಯ ಊರು, ಬಿಸಿಲು ಏರಿದ ಮೇಲೆ ಟೀ ತೋಟದ ಬೆಟ್ಟಗಳು, ಆಮೇಲೆ ಕೊಲಂಬೊ. ಒಂದೊಂದಕ್ಕೆ ಇಷ್ಟಿಷ್ಟು ದಿನ ಎಂದು ಹಂಚಿ ತೋರಿಸಿದೆ. ಮೇಷ್ಟ್ರು ಹಣೆ ಬಡಿದುಕೊಂಡರು.

"ನಾನೇನ್ ಯಳಂದೂರು ಬಸ್ಸಾ ಸಾ, ನೀವು ಮೈಕಲ್ಲಿ ಕೂಗ್ದೇಟ್ಗೆ ಒಂಟೋಗಕೆ? ಕಂಡ್ ಬಸ್ ಅತ್ತೀನಿ, ಬೇಕನ್ನಿಸ್ದ ಕಡೆ ಇಳೀತೀನಿ. ತಾರೀಕ್ ಮಾತ್ರ ಆಕ್ಬ್ಯಾಡಿ."

"ತಾರೀಕಿಲ್ಲದೆ ಟಿಕೆಟ್ ಕೊಡಲ್ಲ ಮೇಷ್ಟ್ರೇ."

"ಓಗದಕ್ಕೆ ಆಕ್ಸಿ. ಬರದಕ್ಕೆ ಅಳ್ಸಾಕಾಗಂಗೆ ಆಕ್ಸಿ."

ಕೊನೆಗೆ ವಾಪಸಿನ ದಿನ ಬದಲಿಸಿಕೊಳ್ಳಬಹುದಾದ ಟಿಕೆಟ್ ತೆಗೆಸಿದೆವು. ಮೂರು ತಿಂಗಳು, ಮನಸ್ಸಾದರೆ ಇನ್ನಷ್ಟು. ಅದಕ್ಕಿಂತ ಸಡಿಲವಾದ ಯೋಜನೆಯನ್ನು ನಾನು ಜನ್ಮದಲ್ಲಿ ಮಾಡಿದವನಲ್ಲ.

ಹೊರಡುವ ಹಿಂದಿನ ದಿನ ಕೌದಳ್ಳಿಯಿಂದ ಅವರ ತಂಗಿ ಕೋಡುಬಳೆ, ರವೆಉಂಡೆ ಕಟ್ಟಿಕೊಂಡು ಬಂದರು. ಮಗ್ಗಕ್ಕೆ ಕೈ ಮುಗಿದು ಬರುತ್ತೇನೆಂದು ಒಳಗೆ ಹೋದವರು ಕಿರುಚಿಕೊಂಡರು. ಹಾವೇ ಬಂತೇನೋ ಎಂದು ನಾನು ಓಡಿದೆ.

ಮಗ್ಗ ಬರಿದಾಗಿತ್ತು.

ನೇಕಾರರ ಮನೆಯಲ್ಲಿ ಇದರ ಅರ್ಥವೇನೆಂದು ಆ ಬೀದಿಯಲ್ಲಿ ಬಾಳಿದ ನನಗೂ ಗೊತ್ತು. ಸೀರೆ ನೇಯ್ದು ಮುಗಿದರೂ ಹಾಸಿನ, ಎಂದರೆ ಉದ್ದಕ್ಕೆ ಹೂಡಿದ, ಎಳೆಗಳನ್ನು ಪೂರ್ತಿ ಕತ್ತರಿಸುವುದಿಲ್ಲ. ಒಂದು ಮೊಳ ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಈ ಹಳೆಯ ತುದಿಗಳಿಗೆ ಹೊಸೆದು ಕೂಡಿಸಿದರೆ ಕೆಲಸ ಮುಂದುವರಿಯುತ್ತದೆ. ಊರು ಬಿಡುವಾಗಲಂತೂ ಆ ಮೊಳ ಇರಲೇಬೇಕು. ಮದುವೆಗೆಂದು ಯಳಂದೂರಿಗೆ ಹೋದರೂ ಮೇಷ್ಟ್ರು ಅದಕ್ಕೊಂದು ಬಟ್ಟೆ ಹೊದಿಸಿ ಹೋಗುತ್ತಿದ್ದರು. ಮಗ್ಗ ಬರಿದು ಮಾಡಿ ಹೋಗುವವನು ಮತ್ತೆ ಅಲ್ಲಿ ಕೂರುವವನಲ್ಲ. ಈಗ ಹಣಿಗೆಯ ಹಲ್ಲುಗಳಲ್ಲಿ ಒಂದೇ ಒಂದು ಎಳೆ ಇರಲಿಲ್ಲ. ಮಗ್ಗದ ಕೆಳಗೆ ಕಾಲಿಡುವ ಗುಂಡಿಯನ್ನೂ ಗುಡಿಸಿದ್ದರು.

"ಅಣ್ಣಾ, ಏನ್ ಕೆಲ್ಸ ಮಾಡ್ಬುಟ್ಟೆ? ಓಗ್ಬತ್ತೀನಿ ಅಂದಲ್ಲೋ, ನನ್ ಮೇಲ್ ಆಣೆ ಇಕ್ಕಿದ್ದಲ್ಲೋ!" ತಂಗಿ ಮಗ್ಗದ ಕಂಬಕ್ಕೆ ತಲೆ ಆನಿಸಿ ಕೂತುಬಿಟ್ಟರು.

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ತಂಗಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

"ಅಲ್ಲೂ ಒಂದ್ ಮೊಳ ಬುಟ್ಟು ಬಂದಿವ್ನಿ ಸಾ. ಓಡ್ರಿ ಓಡ್ರಿ ಅಂತ ಆಚೆ ಕೂಗ್ತಾವ್ರೆ, ನಾನು ಕತ್ತರಿ ತಕಂಡು ಸೀರೆ ಕುಯ್ದು, ಮೊಳ ಉಳ್ಸೇ ಬಂದೆ. ಬತ್ತೀನಿ ಅಂತ ಬಾಯಲ್ಲಿ ಯೋಳ್ನಿಲ್ಲ. ಆದ್ರೆ ಆ ಉಡ್ಗೀರು ನೋಡ್ತಿದ್ವು. ಎಲ್ಡ್ ಕಡೆ ಮೊಳ ಬುಟ್ಟವ್ನು ಎಲ್ಲಿದ್ರೂ ಅರ್ಧನೇ ಸಾ. ನಮ್ಮನೆಯವ್ಳು ಇರಗಂಟ ಇಲ್ಲಿದ್ದೆ. ಇನ್ ಅಲ್ಲಿರ್ತೀನಿ."

ಅಷ್ಟು ದಿನ ಜಗಲಿಯ ಮೇಲೆ ಭೂಪಟ ಹರಡಿಕೊಂಡು ನಾನು ಯೋಜಿಸುತ್ತಿದ್ದದ್ದು ಅವರು ವಾಪಸ್ ಬಾರದ ಪ್ರಯಾಣವನ್ನು. "ಅಲ್ಲಿ ಕಡಲು ಉಕ್ಕಿ ಊರುಗಳೇ ಹೋದವು ಅಂತಾರಲ್ಲ ಮೇಷ್ಟ್ರೇ, ನಿಮ್ಮ ಮಗ್ಗ ಇದೆಯೋ ಇಲ್ಲವೋ" ಎಂದೆ. "ಕಡಲಿಗೂ ನಮ್ ಮಗ್ಗಕ್ಕೂ ನಡುವೆ ಒಂದ್ ಊರೇ ಅದೆ" ಎಂದು ನಕ್ಕರು. ಮೊದಮೊದಲು ಅಲ್ಲಿಂದ ಬರುತ್ತಿದ್ದ ಕಾಗದಗಳು ನಿಂತು ಎಷ್ಟು ಕಾಲವಾಗಿತ್ತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ...

ಮರುದಿನ ಬೆಂಗಳೂರು ಬಸ್ಸಿನಲ್ಲಿ ಸತ್ತೇಗಾಲದವರೆಗೆ ಜೊತೆಗೆ ಹೋಗಿ ಇಳಿದುಕೊಂಡೆ. ಕಿಟಕಿಯಿಂದ ಕೈ ಬೀಸಲಿಲ್ಲ ಅವರು, ಮುಂದಕ್ಕೇ ನೋಡುತ್ತಿದ್ದರು.

ವಾರವಾಗುವಷ್ಟರಲ್ಲಿ ಫೋನ್ ಬಂತು. "ಮಗ್ಗ ಇಲ್ಲ ಸಾ." ಹಿಂದೆ ಗಾಳಿಯ ಸದ್ದು. "ಮನೇನೂ ಇಲ್ಲ, ನಡುವಿದ್ ಊರೂ ಇಲ್ಲ. ಬರೀ ಮರಳು. ಆ ಉಡ್ಗೀರಲ್ಲಿ ಒಬ್ಳು ಸಿಕ್ಕುದ್ಲು. ಮುದ್ಕಿ ಆಗವ್ಳೆ. ನನ್ ನೋಡಿ ಅತ್ತುಬುಟ್ಲು."

"ಬಂದುಬಿಡಿ ಮೇಷ್ಟ್ರೇ."

"ಎಲ್ಲಿಗ್ ಬರ್ಲಿ?"

ಆಮೇಲೆ ಒಂದೊಂದು ಸಲ ಒಂದೊಂದು ಊರಿನಿಂದ ಮಾತಾಡಿದರು. ಯಾವ ಬಸ್ಸು ಕಂಡರೆ ಆ ಬಸ್ಸು ಹತ್ತುತ್ತಿದ್ದರು. ಬೇಕೆಂದು ಕೇಳಿದ್ದ ಸಡಿಲ ಈಗ ಅವರಿಗೆ ಸಿಕ್ಕಿತ್ತು. ದನಿ ಮಾತ್ರ ದಿನದಿನಕ್ಕೂ ಸಣ್ಣಗಾಗುತ್ತಿತ್ತು. ಹೀಗೇ ಬಿಟ್ಟರೆ ಈ ಮನುಷ್ಯ ಎಲ್ಲಿಗೂ ಸೇರುವುದಿಲ್ಲ ಎಂದು ನನಗೆ ಭಯ ಹತ್ತಿತು.

ಕೌದಳ್ಳಿಗೆ ಹೋಗಿ ತಂಗಿಯನ್ನು ಕಂಡೆ. ಇಬ್ಬರೂ ಸೇರಿ ಹಿಂದಿನ ಬೀದಿಯ ಒಬ್ಬ ನೇಕಾರನನ್ನು ಹಿಡಿದೆವು. ಬರಿದಾದ ಮಗ್ಗಕ್ಕೆ ಹಾಸು ಏರಿಸುವುದು ಸುಲಭವಲ್ಲ. ಕೂಡಿಸಲು ಹಳೆಯ ಎಳೆಯಿಲ್ಲದ್ದರಿಂದ ಪ್ರತಿ ಎಳೆಯನ್ನೂ ಹಣಿಗೆಯ ಹಲ್ಲಿನಲ್ಲಿ ಹೊಸದಾಗಿ ತೂರಿಸಬೇಕು. ಅವನು ಬೈದುಕೊಂಡೇ ಮಾಡಿದ. ತಂಗಿ ಪಕ್ಕದಲ್ಲಿ ಕೂತು ಎಳೆ ಆಯ್ದು ಕೊಟ್ಟರು. ಮುಗಿದ ದಿನ ನಾನೇ ಮೇಷ್ಟ್ರಿಗೆ ಫೋನ್ ಮಾಡಿದೆ.

"ಹಾಸು ಏರಿಸಿದ್ದೀವಿ, ಮೇಷ್ಟ್ರೇ."

"ಬಣ್ಣ ಯಾವ್ದು?" ಎಂದರು.

"ಗಿಳಿ ಹಸಿರು."

"ಯಾರ್ ಸಾ ಏರ್ಸಿದ್ದು? ಇಂದ್ಗಡೆ ಬೀದಿಯವ್ನಾ? ಅವ್ನು ಬಿಗಿ ಸರ್ಯಾಗಿ ಇಡಲ್ಲ. ಮುಟ್ಬ್ಯಾಡ ಅನ್ನಿ. ಬತ್ತೀನಿ."

ವಾಪಸಿನ ತಾರೀಕನ್ನು ಅವತ್ತೇ ಬದಲಿಸಿಕೊಂಡರು. ನಾನು ಅವರ ಮನೆ ಗುಡಿಸಿಟ್ಟೆ, ಹಾಲು ಹೇಳಿಟ್ಟೆ.

ಅವರು ಬರಬೇಕಾದ ದಿನ ತಂಗಿಯ ಮನೆಗೆ ಫೋನ್ ಬಂತು. ಬೆಟ್ಟದ ಊರಿನಿಂದ ಕೊಲಂಬೊಗೆ ಹೋಗುವ ಬಸ್ಸು ಕೊನೆಯ ನಿಲ್ದಾಣಕ್ಕೆ ಬಂದು ನಿಂತಿದೆ. ಎಲ್ಲರೂ ಇಳಿದಿದ್ದಾರೆ. ಕಿಟಕಿಯ ಪಕ್ಕ ಯಾರೋ ಮುದುಕರು ಮಲಗಿದ್ದಾರೆಂದು ಕಂಡಕ್ಟರ್ ಭುಜ ಮುಟ್ಟಿ ಎಬ್ಬಿಸಲು ಹೋಗಿದ್ದಾನೆ, ಮೇಷ್ಟ್ರು ಏಳಲಿಲ್ಲ... ಜೇಬಿನಲ್ಲಿ ವಿಮಾನದ ಟಿಕೆಟ್ ಇತ್ತಂತೆ. ನಿಲ್ದಾಣದಲ್ಲೇ ಬದುಕು ಕಳೆದ ನನಗೆ ಎಂಥೆಂಥ ಸುದ್ದಿಗಳೋ ಬಂದಿವೆ, ಎಲ್ಲಕ್ಕೂ ಮುಂದೇನು ಮಾಡಬೇಕೆಂದು ಗೊತ್ತಿತ್ತು. ಅವತ್ತು ಏನೂ ಗೊತ್ತಾಗಲಿಲ್ಲ. ಹಾಲಿನವನು ಬಂದು ಎದುರು ಮನೆಯ ಬಾಗಿಲು ತಟ್ಟುತ್ತಿದ್ದ. ನಾನೇ ಹೋಗಿ ಹಾಲು ತೆಗೆದುಕೊಂಡೆ. ಆ ಹಳೆಯ ಶಿಷ್ಯೆಯ ಮನೆಯವರೇ ಮುಂದೆ ನಿಂತು ಅಂತ್ಯಕ್ರಿಯೆಯನ್ನೆಲ್ಲ ಅಲ್ಲೇ ಮಾಡಿದರು.

ಗಿಳಿ ಹಸಿರಿನ ಹಾಸು ಇನ್ನೂ ಮಗ್ಗದಲ್ಲಿದೆ. ಹನೂರಿನಿಂದ ಬಂದ ಸಂಜೆ ನೇಕಾರ ನನ್ನ ಬಾಗಿಲಿಗೆ ಬಂದ. ರೇಷ್ಮೆ ಹೀಗೇ ಬಿಟ್ಟರೆ ಇಲಿ ಪಾಲಾಗುತ್ತದೆ, ಕೌದಳ್ಳಿಯ ಅಕ್ಕನೂ ನಿಮ್ಮನ್ನು ಕೇಳಿ ಎಂದರು, ನೇಯ್ದುಬಿಡಲೇ ಎಂದ. ನೇಯಿ ಎಂದೆ. ಮೆಟ್ಟಿಲು ಇಳಿದವನು ತಿರುಗಿ ನಿಂತ.

"ಕೊನೇಲಿ ಮೊಳ ಬುಡ್ಬೇಕಾ ಸಾ?"

"ಬೇಡಪ್ಪ" ಎಂದೆ. "ಪೂರ್ತಿ ನೇಯ್ದುಬಿಡು."